ಸೊಪ್ಪಿನ ಹೊರೆಯ ದೂರ

ಉತ್ತರ ಕನ್ನಡ ಜಿಲ್ಲೆಯ ಕಾನಸೂರು ಸುತ್ತಲಿನ ಅಡಿಕೆ ತೋಟಗಳ ಇತಿಹಾಸ ಬರೆಯುವವರು ಒಂದು ಲೆಕ್ಕವನ್ನು ತಪ್ಪದೆ ಹೇಳುತ್ತಾರೆ: ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ಬಳಿಕ ಕಾಡಿಗೆ ಗಡಿ ಗುರುತಿಸುತ್ತ ಹೋದ ಸರ್ಕಾರ ಬೆಟ್ಟದಿಂದ ಸೊಪ್ಪು ತರುವ ತೋಟಿಗರ ಹಳೆಯ ರೂಢಿಯನ್ನೂ ಅಳತೆಗೆ ಇಳಿಸಿತು. ನೆಲ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ) ತೋಟದವರದ್ದು. ಆದರೆ ಸೊಪ್ಪು ತಲೆಹೊರೆಯಲ್ಲಿ ಇಳಿದು, ಕೊಟ್ಟಿಗೆಯಲ್ಲಿ ದನದ ಕಾಲಡಿ ಸಿಕ್ಕಿ, ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರಬೇಕಿತ್ತು. ಹಾಗಾಗಿ ಈ ಪದ್ಧತಿಯನ್ನು ತಿಳಿಯಲು ಬೆಟ್ಟ ಎಷ್ಟಿತ್ತು ಎಂದು ಕೇಳಿದರೆ ಸಾಲದು, ಎಷ್ಟು ದೂರದಲ್ಲಿತ್ತು ಎಂದೂ ಕೇಳಬೇಕು. ಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಕರ್ನಲ್ ಸಾಂದ್ರತೆ ನಕ್ಷೆ ಇದಕ್ಕೆ ಒದಗುತ್ತದೆ, ಹದವರಿತು ಬಳಸಿದರೆ.

ರೋಸೆನ್‌ಬ್ಲಾಟ್ 1956ರಲ್ಲಿ, ಪಾರ್ಜೆನ್ 1962ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಲೇಖನಗಳಿಂದ ಬೆಳೆದ ವಿಧಾನವಿದು. ಹಳೆಯ ಸರ್ವೆ ನಕ್ಷೆಯ ತೋಟವನ್ನೂ ಬೆಟ್ಟವನ್ನೂ ಎಕರೆಗೊಂದು ಚುಕ್ಕೆಯಾಗಿ ಒಡೆಯಬೇಕು. ಪ್ರತಿ ಚುಕ್ಕೆಯ ಪ್ರಭಾವ ತನ್ನ ಜಾಗದಲ್ಲಿ ಗರಿಷ್ಠ, ಸರಿದಂತೆ ಕಡಿಮೆ, ನಾವು ಕೊಟ್ಟ ತ್ರಿಜ್ಯ ಮುಗಿದಲ್ಲಿ ಸೊನ್ನೆ. ಎರಡು ನಕ್ಷೆಗೂ ಒಂದೇ ತ್ರಿಜ್ಯ, ಒಂದೇ ಚೌಕದ ಅಳತೆ ಇಟ್ಟು, ಬೆಟ್ಟದ ಸಾಂದ್ರತೆಯನ್ನು ತೋಟದ್ದರಿಂದ ಭಾಗಿಸಬೇಕು. ಅಕ್ಕಪಕ್ಕ ಇಟ್ಟು ಬಣ್ಣ ನೋಡುವುದು ಹೋಲಿಕೆಯಲ್ಲ. ತೋಟವೇ ಇಲ್ಲದ ದಟ್ಟ ಕಾಡಿನಲ್ಲಿ ಭಾಗಲಬ್ಧ ವಿಪರೀತ ಏರುವುದರಿಂದ ಆ ಭಾಗವನ್ನು ಕೈಬಿಡಬೇಕು. ಕಣಿವೆಯಲ್ಲಿ 2 ಎಕರೆ ತೋಟವಿದ್ದು, ಅದರ ಪಾಲಿನ 18 ಎಕರೆ ಬೆಟ್ಟ ಗುಡ್ಡದಾಚೆ 2 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ತ್ರಿಜ್ಯ 5 ಕಿಲೋಮೀಟರ್ ಇದ್ದರೆ ತೋಟ, ಬೆಟ್ಟ ಎರಡೂ ಕಲಸಿ ಹೋಗಿ ಹತ್ತಿರದ ಸೊಪ್ಪಿನ ಕೊರತೆ ಮರೆಯಾಗುತ್ತದೆ. ಅರ್ಧ ಕಿಲೋಮೀಟರಿಗೆ ಇಳಿಸಿದರೆ ತೋಟದ ಮೇಲೆ ಬೆಟ್ಟದ ಸಾಂದ್ರತೆ ಸೊನ್ನೆ. ಕಚೇರಿಯ 9ರ ಲೆಕ್ಕವೂ ಆ ದೊಡ್ಡ ತ್ರಿಜ್ಯದಂತೆಯೇ. ಹೊರೆ ಹೊತ್ತವರ ಕುತ್ತಿಗೆ ನೋವು ಅದರಲ್ಲಿ ನಮೂದಾಗುವುದಿಲ್ಲ.

ಬೇಕಾದ ಉತ್ತರ ಬರುವಂತೆ ತ್ರಿಜ್ಯ ಆರಿಸಿದಿರಿ ಎನ್ನಬಹುದು. ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ತಂತ್ರಾಂಶ ತಾನಾಗಿ ಸೂಚಿಸುವ ತ್ರಿಜ್ಯ ಚುಕ್ಕೆಗಳ ಹರಹಿನಿಂದ ಹುಟ್ಟಿದ್ದು, ಅದಕ್ಕೆ ತಲೆಹೊರೆ ಗೊತ್ತಿಲ್ಲ. ಹಲವು ತ್ರಿಜ್ಯಗಳಲ್ಲಿ ನಕ್ಷೆ ತೆಗೆದು, ಯಾವ ದೂರದಲ್ಲಿ ಕೊರತೆ ಕಾಣೆಯಾಗುತ್ತದೆಂದು ಬರೆದಿಡುವುದೇ ಪ್ರಾಮಾಣಿಕ ದಾರಿ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತ್ರಿಜ್ಯ ಎಳೆಯುವ ವೃತ್ತಕ್ಕೆ ಏರು, ಇಳುಕಲು, ಹಳ್ಳ ಯಾವುದೂ ತಿಳಿಯದು. ನಿಜ, ಆದರೆ ಕಾಲುದಾರಿಯ ದೂರ ಅಳೆದರೆ ಕೊರತೆ ಇನ್ನಷ್ಟು ಹೆಚ್ಚೀತೇ ಹೊರತು ತಗ್ಗಲಾರದು. ಇನ್ನು ಸೊಪ್ಪು ವಾಹನದಲ್ಲಿ ಬರುವ ಕಡೆ ತಲೆಹೊರೆಯ ತ್ರಿಜ್ಯವನ್ನು ಇಂದಿನ ನಕ್ಷೆಗೆ ಹಚ್ಚುವಂತಿಲ್ಲ. ಅಲ್ಲಿ ನೋಡಬೇಕಾದದ್ದು ಬೆಟ್ಟದ ಬುಡದವರೆಗೆ ರಸ್ತೆ ಇದೆಯೇ ಎಂಬುದನ್ನು.