ಗೋಡೆಯೊಳಗೆ ಗುದ್ದುವ ನೀರು

ಹೋದ ಬೇಸಿಗೆಯಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಇಂಗ್ಲೆಂಡಿನ ನಮ್ಮ ಮನೆಗೆ ಬಂದಿದ್ದರು. ಬಂದ ನಾಲ್ಕು ದಿನಕ್ಕೇ ಸಂಜೆಯ ಮೇಲೆ ನೀರು ಕುಡಿಯುವುದನ್ನು ಬಿಟ್ಟುಬಿಟ್ಟರು. ಬಲವಂತ ಮಾಡಿ ಕೇಳಿದ ಮೇಲೆ ಬಾಯಿಬಿಟ್ಟರು: "ರಾತ್ರಿ ಫ್ಲಶ್ ಮಾಡಿದ್ರೆ ಗೋಡೆಯೆಲ್ಲಾ ಗಡಗಡ ಅನ್ನುತ್ತೆ ಕಣಮ್ಮ. ಮಕ್ಕಳು ಎದ್ದುಬಿಡ್ತಾರೆ. ನೀರೇ ಕುಡೀದಿದ್ರೆ ಏಳೋದೂ ಬೇಡವಲ್ಲ."

ನಮಗೆ ಆ ಸದ್ದು ಅಭ್ಯಾಸವಾಗಿಹೋಗಿತ್ತು. ಎಪ್ಪತ್ತು ದಾಟಿದವರು ಅದಕ್ಕಾಗಿ ಬಾಯಾರಿಕೊಂಡು ಮಲಗುತ್ತಿದ್ದಾರೆಂದರೆ ಸುಮ್ಮನಿರಲಾಗುತ್ತದೆಯೇ? ಅದರ ಮೂಲ ಹುಡುಕುತ್ತಾ ಹೋದವಳು ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋದೆ.

ಹರಿಯುವ ನೀರಿಗೂ ಓಟವಿದೆ, ಭಾರವಿದೆ. ನಲ್ಲಿಯನ್ನು ಥಟ್ಟನೆ ಮುಚ್ಚಿದರೆ ಅದು ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ. ಆ ಪೆಟ್ಟು ಅಲೆಯಾಗಿ ಪೈಪಿನುದ್ದಕ್ಕೂ ಹಿಂದೆ ಮುಂದೆ ಓಡಾಡುತ್ತದೆ. ಜಲಾಘಾತ ಅನ್ನಬಹುದು, ಕನ್ನಡ ಎಂ.ಎ. ಓದಿದವಳಾದರೂ ನನಗೆ ನೀರಿನ ಸುತ್ತಿಗೆ ಪೆಟ್ಟು ಅನ್ನುವುದೇ ಇಷ್ಟ.

ಈ ಪೆಟ್ಟನ್ನು ಮೊದಲು ದುಡಿಸಿಕೊಂಡವರಲ್ಲಿ ಒಬ್ಬ ಡರ್ಬಿ ಊರಿನ ಗಡಿಯಾರ ತಯಾರಕ ಜಾನ್ ವೈಟ್‌ಹರ್ಸ್ಟ್. 1772ರಲ್ಲಿ ಚೆಷೈರಿನ ಊಲ್ಟನ್ ಎಂಬಲ್ಲಿ ಒಂದು ದೊಡ್ಡ ಮನೆಗೆ ಅವನು ಒಂದು ಯಂತ್ರ ಕೂರಿಸಿದ. ಕೆಳಗಿನ ನಲ್ಲಿಯನ್ನು ತಿರುಗಿಸಿ ಮುಚ್ಚಿದಾಗಲೆಲ್ಲ ಆ ಪೆಟ್ಟಿನ ಬಲಕ್ಕೇ ಒಂದಿಷ್ಟು ನೀರು ಮೇಲಿನ ಟ್ಯಾಂಕಿಗೆ ಏರುತ್ತಿತ್ತು. ಪಂಪೂ ಇಲ್ಲ, ಸೌದೆಯೂ ಬೇಡ. 1796ರಲ್ಲಿ ಫ್ರಾನ್ಸಿನ ಜೋಸೆಫ್ ಮಾಂಟ್‌ಗೋಲ್ಫಿಯೇ, ಬಿಸಿಗಾಳಿ ಬಲೂನಿನ ಅಣ್ಣತಮ್ಮಂದಿರಲ್ಲಿ ಒಬ್ಬ, ಅದು ತಾನಾಗಿಯೇ ನಡೆಯುವಂತೆ ಮಾಡಿದ.

ನೂರು ವರ್ಷದ ನಂತರ ಇದೇ ಪೆಟ್ಟು ಮಾಸ್ಕೋ ನಗರದ ದೊಡ್ಡ ಪೈಪುಗಳನ್ನು ಒಡೆಯುತ್ತಿತ್ತು. 1897ರಲ್ಲಿ ನಿಕೊಲಾಯ್ ಝುಕೋವ್‌ಸ್ಕಿ ಅಲ್ಲಿನ ಜಲಾಗಾರದಲ್ಲಿ ಪೈಪು ಹಾಸಿ, ಅಳೆದು, ಲೆಕ್ಕ ಕಟ್ಟಿದರು. ಪೈಪಿನಲ್ಲಿ ಆ ಅಲೆ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಹೆಚ್ಚು ಓಡಬಲ್ಲದು. ಸೆಕೆಂಡಿಗೆ ಕೇವಲ 1 ಮೀಟರ್ ಹರಿಯುವ ನೀರನ್ನು ತಟ್ಟನೆ ನಿಲ್ಲಿಸಿದರೂ ಒತ್ತಡ 10 ಪಟ್ಟು ವಾಯುಭಾರಕ್ಕಿಂತ ಜಾಸ್ತಿ ಏರುತ್ತದೆ. ನಿಮ್ಮ ಮನೆಯ ಗೋಡೆ ಗಡಗಡ ಅನ್ನುವುದರಲ್ಲಿ ಆಶ್ಚರ್ಯವೇನು!

ಆದರೆ ಫ್ಲಶ್ ಟ್ಯಾಂಕು ತುಂಬುವಾಗ ನಾವ್ಯಾರೂ ನಲ್ಲಿ ಮುಚ್ಚುವುದಿಲ್ಲವಲ್ಲ? ಮುಚ್ಚಳ ತೆಗೆದು ನೋಡಿ. ತೇಲುವ ಚೆಂಡೊಂದಿದೆ. ನೀರು ಏರಿದಂತೆ ಅದು ಏರಿ, ಕಡ್ಡಿಯ ಇನ್ನೊಂದು ತುದಿಯಿಂದ ವಾಲ್ವ್ ಮುಚ್ಚುತ್ತದೆ. ಹತ್ತೊಂಬತ್ತನೇ ಶತಮಾನದ ಬಹುಕಾಲ ಲಂಡನ್ನಿನ ಖಾಸಗಿ ಕಂಪನಿಗಳು ನೀರು ಬಿಡುತ್ತಿದ್ದದ್ದು ದಿನಕ್ಕೆ ಕೆಲವೇ ತಾಸು. ಜನ ಮನೆಯ ಟ್ಯಾಂಕಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ನೀರು ಬಂದಾಗ ತುಂಬಿ, ತುಂಬಿದಾಗ ತಾನೇ ನಿಲ್ಲಲು ಈ ಚೆಂಡು ಬೇಕಾಗಿತ್ತು. ಅತ್ತೆಗೆ ಇದನ್ನು ಹೇಳಿದಾಗ, "ನಮ್ಮ ಸಂಪಿನ ಹಾಗೇ" ಅಂದರು. ನಿಜವೇ! ಅಜ್ಜಿಯ ಮನೆಯ ಸಂಪಿನಲ್ಲೋ ತಾರಸಿಯ ಟ್ಯಾಂಕಿನಲ್ಲೋ ನೀವು ನೋಡಿರುವುದೂ ಇದೇ ಚೆಂಡು.

ಅಟ್ಟದ ಟ್ಯಾಂಕಿನಿಂದ ಇಳಿದು ಬರುವ ನೀರು ಸಾಧು. ಬೀದಿಯ ಪೈಪಿನಿಂದ ನೇರ ಬರುವುದು ಹಾಗಲ್ಲ. 1871ರ ಕಾಯ್ದೆಯ ನಂತರ ಲಂಡನ್ನಿನಲ್ಲಿ ದಿನವಿಡೀ ನೀರು ಬಿಡುವ ಪದ್ಧತಿ ಮೆಲ್ಲಗೆ ಬಂತು. ಈಗ ಅನೇಕ ಮನೆಗಳಲ್ಲಿ ಆ ರಭಸದ ನೀರೇ ಚೆಂಡಿನ ವಾಲ್ವಿಗೆ ಬಂದು ಬೀಳುತ್ತದೆ. ಟ್ಯಾಂಕಿನಲ್ಲಿ ಸಣ್ಣ ಅಲೆ ಏಳುತ್ತದೆ, ಚೆಂಡು ಕುಣಿಯುತ್ತದೆ, ವಾಲ್ವ್ ಪಟಪಟ ಮುಚ್ಚಿ ತೆರೆಯುತ್ತದೆ. ಒಂದೊಂದು ಸಲಕ್ಕೂ ಒಂದೊಂದು ಪೆಟ್ಟು. ಒಳಗಿನ ವಾಷರ್ ಸವೆದಿದ್ದರೆ, ಪೈಪಿನ ಕ್ಲಿಪ್ಪು ಸಡಿಲವಾಗಿದ್ದರೆ ಕೇಳುವುದೇ ಬೇಡ.

ಹಿಂದೆ ಇದಕ್ಕೆ ಸುಲಭದ ಉಪಾಯವಿತ್ತು. ವಾಲ್ವಿನ ಬಾಯಿಗೆ ಒಂದು ಕೊಳವೆ ಸಿಕ್ಕಿಸಿ ನೀರನ್ನು ಟ್ಯಾಂಕಿನ ತಳಕ್ಕೇ ಬಿಡುವುದು. ಸದ್ದಿಲ್ಲ, ಅಲೆಯಿಲ್ಲ. ಆದರೆ ಬೀದಿಯ ಪೈಪಿನಲ್ಲಿ ಒತ್ತಡ ಕುಸಿದರೆ ಟ್ಯಾಂಕಿನ ನೀರು ಅದೇ ಕೊಳವೆಯಿಂದ ಹಿಂದಕ್ಕೆ ಹೀರಿಕೊಂಡು ಕುಡಿಯುವ ನೀರಿಗೆ ಸೇರಬಹುದು. ಕೊಳಕು ನೀರು ಕುಡಿಯುವ ನೀರಿಗೆ ಬೆರೆತರೆ ಏನಾಗುತ್ತದೆ ಎಂದು 1933ರಲ್ಲಿ ಶಿಕಾಗೋದಲ್ಲಿ ಜಗತ್ತೇ ನೋಡಿತು. ಹೋಟೆಲುಗಳ ಕೆಟ್ಟ ಪೈಪುಗಳಿಂದ ಹರಡಿದ ಆಮಶಂಕೆಗೆ 98 ಜನ ಸತ್ತರು. ಆ ಕೊಳವೆಯನ್ನು ಬ್ರಿಟನ್ನಿನಲ್ಲಿ ಕೊನೆಗೆ ನಿಷೇಧಿಸಿದರು. ನೀರು ಮೇಲಿಂದ, ಗಾಳಿಯ ಅಂತರ ದಾಟಿಯೇ ಬೀಳಬೇಕು ಎಂಬ ಹಠಕ್ಕೆ ಕಾರಣ ಇದು. ಯಾವುದಾದರೂ ಹಳೆಯ ಟ್ಯಾಂಕಿನಲ್ಲಿ ಅಂಥದು ಕಂಡರೆ ಪ್ಲಂಬರನ್ನು ಕರೆದು ತೆಗೆಸಿ.

ನಮ್ಮ ಮನೆಯಲ್ಲಿ ಇದ್ದದ್ದು ಹಳೆಯ ಹಿತ್ತಾಳೆಯ ವಾಲ್ವ್. ಮೊದಲು ಟ್ಯಾಂಕಿಗೆ ಹೋಗುವ ಸಣ್ಣ ವಾಲ್ವನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ತಿರುಗಿಸಿ ರಭಸ ತಗ್ಗಿಸಿದೆ. ಅರ್ಧ ಸದ್ದು ಅಲ್ಲೇ ಹೋಯಿತು. ತುಂಬುವುದು ಮಾತ್ರ ನಿಧಾನ. ಆಮೇಲೆ ಮಗನೂ ನಾನೂ ಸೇರಿ, ನೀರು ಪೂರ್ತಿ ಬಂದ್ ಮಾಡಿ, ರಬ್ಬರ್ ಪೊರೆಯಿರುವ ಹೊಸ ಬಗೆಯ ವಾಲ್ವ್ ಹಾಕಿದೆವು. ಕೆಳಗಿನ ಕ್ಲಿಪ್ಪುಗಳನ್ನೂ ಬಿಗಿ ಮಾಡಿದೆವು. ಒಂದು ಕಡೆ ಮರದ ತೊಲೆಗೆ ಪೈಪು ತಾಗುತ್ತಿತ್ತು, ಅಲ್ಲಿ ಹಳೆಯ ಬಟ್ಟೆ ಸುತ್ತಿದ್ದು ಅತ್ತೆಯ ಕೆಲಸ. ಆ ರಾತ್ರಿ ಫ್ಲಶ್ ಮಾಡಿ ಬಂದ ಅವರು, "ಆಯ್ತಾ, ಇನ್ನೂ ತುಂಬ್ತಾ ಇದ್ಯಾ?" ಎಂದು ಎರಡು ಸಲ ಕೇಳಿದರು.