ಹಣತೆಯಿಂದ ಎಲ್‌ಇಡಿಗೆ: ಕುಡ್ಲದ ಗೂಡುದೀಪ

ಮಂಗಳೂರಿನಲ್ಲಿ, ಅಂದರೆ ತುಳುವರ ಕುಡ್ಲದಲ್ಲಿ, ಕೂಳೂರು ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಕೊಟ್ಟಾರ ಚೌಕಿ, ಉರ್ವಸ್ಟೋರ್, ಲೇಡಿಹಿಲ್. ಅಲ್ಲಿಂದ ಕುದ್ರೋಳಿ ದೂರವಿಲ್ಲ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥ ಕ್ಷೇತ್ರದ ಅಂಗಳದಲ್ಲಿ ‘ನಮ್ಮ ಕುಡ್ಲ’ ವಾಹಿನಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ದೀಪಾವಳಿಗೆ ಗೂಡುದೀಪ ಸ್ಪರ್ಧೆ ನಡೆಸುತ್ತ ಬಂದಿದೆ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ಮೂರು ವಿಭಾಗ. ಪ್ರತಿಕೃತಿಯವರು ಗುಡಿ, ತೇರಿನಂಥವನ್ನು ಅಳತೆಯಲ್ಲಿ ಕುಗ್ಗಿಸಿ, ಬಣ್ಣ ಬಳಿದು, ಅದರ ಒಡಲಲ್ಲಿ ಬೆಳಕು ಇಟ್ಟು ತರುತ್ತಾರೆ. ಒಳಗಿನ ಬೆಳಕು ಬದಲಾದಂತೆಲ್ಲ ಗೂಡಿನ ರೂಪವೂ ಬದಲಾಗುತ್ತ ಬಂದಿದೆ.

ತುಳುನಾಡಿನಲ್ಲಿ ದೀಪಾವಳಿ ತುಡರ ಪರ್ಬ. ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು, ಹೂ ಸಿಂಗರಿಸಿ, ದೀಪವಿಟ್ಟು ಬಲೀಂದ್ರನನ್ನು (ಬಲಿ ಚಕ್ರವರ್ತಿಯನ್ನು) ಕೂಗಿ ಕರೆಯುವುದು ವಾಡಿಕೆ. ಎತ್ತರದಲ್ಲಿ ತೂಗುವ ಗೂಡುದೀಪವೂ ಇದೇ ದಿನಗಳದ್ದು. ಕಾರ್ತಿಕ ಮಾಸದ ಆಕಾಶದೀಪದ ಬಳಗಕ್ಕೆ ಸೇರಿದ್ದು.

ಹಣತೆಯ ಕಾಲದಲ್ಲಿ ಗೂಡು ಕಟ್ಟುವವನಿಗೆ ಬೆಂಕಿಯದೇ ಚಿಂತೆ. ಬಿದಿರಿನ ಕಡ್ಡಿಗಳನ್ನು ನೂಲಿನಿಂದ ಬಿಗಿದು, ಚೌಕ ಮತ್ತು ತ್ರಿಕೋನದ ಮುಖಗಳು ಬರುವಂತೆ ಚೌಕಟ್ಟು ಮಾಡಿ, ಬಣ್ಣದ ಕಾಗದವನ್ನು ಅಂಟಿನಿಂದ ಹಚ್ಚಿದರೆ ಸಾಲದು. ಜ್ವಾಲೆಗೂ ಕಾಗದಕ್ಕೂ ನಡುವೆ ಸಾಕಷ್ಟು ಜಾಗ ಬೇಕು, ಬಿಸಿಗಾಳಿ ಹೋಗಲು ಮೇಲೆ ತೆರವು ಬೇಕು, ಬತ್ತಿ ಹಚ್ಚಲು ಕೈ ಹಾಕುವಷ್ಟು ಕಿಂಡಿ ಬೇಕು. ಹೊಟ್ಟೆ ದೊಡ್ಡದಾದ ಆ ಆಕಾರ ಬರೀ ಚೆಂದಕ್ಕಾಗಿ ಹುಟ್ಟಿದ್ದಲ್ಲ. ಬಾಲದಂತೆ ಇಳಿಬಿಟ್ಟ ಕಾಗದದ ಪಟ್ಟಿಗಳಷ್ಟೇ ಪೂರ್ತಿ ಅಲಂಕಾರ.

ಕರೆಂಟು ಬಂದ ಮೇಲೆ ಎಣ್ಣೆ ಚೆಲ್ಲುವ ಭಯ ಹೋಯಿತು, ಬಿಸಿಯ ಭಯ ಹೋಗಲಿಲ್ಲ. ತಂತಿ ಕಾಯಿಸಿ ಬೆಳಗುವ ಬಲ್ಬು ಉಂಡ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಉಗುಳುತ್ತದೆ. ಅಂಗಡಿಯಲ್ಲಿ ‘ಜೀರೋ ಬಲ್ಬು’ ಎಂದು ಮಾರುತ್ತಿದ್ದುದೂ ಹತ್ತು ಹದಿನೈದು ವ್ಯಾಟ್ ತಿನ್ನುತ್ತಿತ್ತು. ಥರ್ಮಾಕೋಲಿನ ಪುಟ್ಟ ಗೋಪುರದೊಳಗೆ ಅದನ್ನು ಇಟ್ಟರೆ ಗೋಪುರ ಮೆತ್ತಗಾಗಿ ಬಾಗಬಹುದು.

ತಣ್ಣನೆಯ ಬೆಳಕಿನ ದಾರಿ ದೂರದಲ್ಲಿ ಸಿದ್ಧವಾಗುತ್ತಿತ್ತು. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿ ಮಾಡಿದರು. ಪ್ರಖರವಾದ ನೀಲಿಗೆ ಮೂರು ದಶಕ ಕಾಯಬೇಕಾಯಿತು; ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಿಕ್ಕಿತು. ನೀಲಿಯ ಮೇಲೆ ಹಳದಿ ಬೆಳಕು ಬೀರುವ ಫಾಸ್ಫರ್ ಲೇಪ ಹಚ್ಚಿದರೆ ಬಿಳಿ ಬೆಳಕು.

ಪ್ರತಿಕೃತಿ ಮಾಡುವವರ ಕೈಗೆ ಇದು ವರವಾಯಿತು. ಅಕ್ಕಿಕಾಳಿನಷ್ಟು ಸಣ್ಣ ದೀಪ, ಸುಮಾರು ಮೂರು ವೋಲ್ಟ್ ಸಾಕು. ಗರ್ಭಗುಡಿಗೊಂದು, ಕಿಟಕಿಗೊಂದು, ತೇರಿನ ಅಂತಸ್ತಿಗೊಂದು ಇಡಬಹುದು. ಆದರೆ ಹೊಸ ತೊಡಕೂ ಬಂತು: ಫೋಮ್ ಶೀಟಿನ ತೆಳು ಗೋಡೆಯಿಂದ ಬೆಳಕು ಸೋರುತ್ತದೆ, ಎಷ್ಟು ಚೆಂದ ಬಣ್ಣ ಬಳಿದಿದ್ದರೂ ಗೋಡೆಯೇ ಹೊಳೆದು ಕಿಟಕಿ ಕಾಣದಾಗುತ್ತದೆ. ಹಾಗಾಗಿ ಗೋಡೆಯ ಒಳಮೈಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ ಅಥವಾ ಬೆಳ್ಳಿ ಕಾಗದ. ಕಿಟಕಿಗೆ ಟ್ರೇಸಿಂಗ್ ಪೇಪರ್. ಹೊರಗಿನ ಬಣ್ಣಕ್ಕೆ ಕೊಡುವಷ್ಟೇ ಹೊತ್ತನ್ನು ಈ ಕಾಣದ ಕೆಲಸಕ್ಕೂ ಕೊಡಬೇಕು.

ಆಧುನಿಕ ವಿಭಾಗದವರು ಧಾನ್ಯ, ಬಳೆ, ಐಸ್‌ಕ್ರೀಮ್ ಕಡ್ಡಿಗಳಿಂದ ಗೂಡು ಕಟ್ಟುವಾಗಲೂ ಲೆಕ್ಕ ಇದೇ. ಬೆಳಕು ಒಳಗಿನಿಂದ ಬರಬೇಕು. ಹೊರಗೆ ಸೀರಿಯಲ್ ಲೈಟ್ ಸುತ್ತಿದ್ದು ಎಷ್ಟೇ ಝಗಮಗಿಸಿದರೂ ಗೂಡುದೀಪವಾಗದು. ಬಿದಿರು-ಕಾಗದದ ಹಳೆಯ ಗೂಡಿಗೆ ಎಲ್‌ಇಡಿ ಹಾಕುವುದಾದರೆ ನೀಲಿಛಾಯೆಯ ಬಿಳಿ ಬೇಡ. 2700 ಕೆಲ್ವಿನ್ ಆಸುಪಾಸಿನ ಹಳದಿ ಬೆಳಕು ಕೆಂಪು, ಕೇಸರಿ ಕಾಗದವನ್ನು ಎಣ್ಣೆದೀಪದಂತೆಯೇ ಅರಳಿಸುತ್ತದೆ. 12 ವೋಲ್ಟಿನ ಸಾಮಾನ್ಯ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಒಂದು ಸರಣಿ. ಒಂದು ಕಡಿದುಹೋದರೆ ಮೂರೂ ಆರುತ್ತವೆ. ಅದಕ್ಕೇ ತಳವನ್ನು ಅಂಟಿನಿಂದ ಮುಚ್ಚದೆ, ಬಿಚ್ಚಿ ಸರಿಮಾಡುವಂತೆ ಬಿಡುವುದು ಒಳ್ಳೆಯದು. ಹಣತೆಗಾಗಿ ಹಿರಿಯರು ಬಿಟ್ಟ ಕಿಂಡಿ ಇಲ್ಲಿಯೂ ಬೇಕು.