ಠಾಣೆಯ ಉಪ್ಪುನೀರು, ಖಾಝಿನಿಯ ಕೊಳವೆ

ಮುಲುಂಡ್ ಕಡೆಯಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಠಾಣೆಗೆ ಹೋಗುವಾಗ ಬಲಗಡೆ ನೋಡಿ. ಖಾಡಿಯ ದಂಡೆಯಲ್ಲಿ ಬದು ಹಾಕಿದ ಚೌಕಾಕಾರದ ಬಯಲುಗಳಿವೆ. ಅವು ಹಳೆಯ ಉಪ್ಪಿನ ಆಗರಗಳು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ನಾವು ಆಗರ ಅನ್ನುವುದನ್ನೇ ಇಲ್ಲಿನ ಮರಾಠಿಯವರೂ ಆಗರ ಅಂತಾರೆ.

ಸಮುದ್ರದ ನೀರನ್ನು ಬಿಸಿಲಿಗೆ ಬಿಟ್ಟರೆ ಉಪ್ಪಾಗುತ್ತೆ, ಅದರಲ್ಲೇನಿದೆ ಅನಿಸಬಹುದು. ಅಷ್ಟು ಸುಲಭ ಅಲ್ಲ. ನೀರು ಹದಕ್ಕೆ ಬರುವ ಮೊದಲೇ ಕೊನೆಯ ಪಾತಿಗೆ ಬಿಟ್ಟರೆ ಉಪ್ಪಿನ ಜೊತೆ ಜಿಪ್ಸಂ ಸೇರುತ್ತದೆ. ತಡವಾಗಿ ಹೊರಬಿಟ್ಟರೆ ಮೆಗ್ನೀಸಿಯಂ ಲವಣ ಸೇರಿ ಉಪ್ಪು ಕಹಿಯಾಗುತ್ತದೆ. ಬೇಸಿಗೆಯ ದುಡಿಮೆಯೆಲ್ಲ ವ್ಯರ್ಥ. ಈ ಹದವನ್ನು ಅಂಕಿಯಲ್ಲಿ ಹೇಳುವುದೇ ಹೈಡ್ರೋಮೀಟರ್: ತಳದಲ್ಲಿ ಭಾರ, ಮೇಲೆ ಗೆರೆ ಎಳೆದ ಗಾಜಿನ ಕೊಳವೆ. ದ್ರವ ಸಾಂದ್ರವಾದಷ್ಟೂ ಅದು ಮೇಲೆ ತೇಲುತ್ತದೆ. 1768ರಲ್ಲಿ ಫ್ರಾನ್ಸಿನ ಔಷಧ ತಯಾರಕ ಆಂತ್ವಾನ್ ಬೋಮೆ ರೂಪಿಸಿದ ಅಳತೆಯೇ ಆಗರಗಳಲ್ಲಿ ಬಳಕೆಯಲ್ಲಿದೆ. ಶುದ್ಧ ನೀರು 0, ಸಮುದ್ರದ ನೀರು ಸುಮಾರು 3. ಸುಮಾರು 25ಕ್ಕೆ ಉಪ್ಪು ಹರಳುಗಟ್ಟುತ್ತದೆ. 29–30 ಬಂತೆಂದರೆ ಉಳಿದ ನೀರನ್ನು ಹೊರಬಿಡಬೇಕು.

ಹಾಗಾದರೆ ಈ ಉಪಕರಣ ಯುರೋಪಿನದ್ದೇ? ನಮ್ಮ ಮಕ್ಕಳು ಓದುವ ಕಥೆ ಆರ್ಕಿಮಿಡೀಸ್‌ನಿಂದ ಒಂದೇ ನೆಗೆತಕ್ಕೆ ಯುರೋಪಿಗೆ ಹೋಗುತ್ತದೆ. ನಡುವಿನ ಪುಟಗಳನ್ನು ಸ್ವಲ್ಪ ತಿರುವಿ ನೋಡೋಣ.

ಕ್ರಿ.ಶ. 400ರ ಸುಮಾರಿಗೆ ಸಿನೇಸಿಯಸ್ ಎಂಬುವರು ಅಲೆಕ್ಸಾಂಡ್ರಿಯಾದ ವಿದುಷಿ ಹೈಪೇಷಿಯಾಗೆ ಪತ್ರ ಬರೆದು, ಗೆರೆ ಕೊರೆದ ಇಂಥದ್ದೇ ಕೊಳವೆಯನ್ನು ಮಾಡಿಸಿಕೊಡಿ ಎಂದು ಕೇಳಿದ್ದರು. ಆರು ಶತಮಾನಗಳ ನಂತರ ಅಲ್-ಬಿರೂನಿ ಲೋಹ, ರತ್ನಗಳ ಸಾಂದ್ರತೆಯನ್ನು ಬೆರಗಾಗುವಷ್ಟು ನಿಖರವಾಗಿ ಅಳೆದರು. ಬಿಸಿನೀರಿಗೂ ತಣ್ಣೀರಿಗೂ, ಸಿಹಿನೀರಿಗೂ ಉಪ್ಪುನೀರಿಗೂ ಇರುವ ವ್ಯತ್ಯಾಸವನ್ನು ಗುರುತಿಸಿದರು. 1030ರ ಸುಮಾರಿನ ತಮ್ಮ ಭಾರತದ ಗ್ರಂಥದಲ್ಲಿ ಕೊಂಕಣದ ರಾಜಧಾನಿ ‘ತಾನಾ’ ಎಂದು ದಾಖಲಿಸಿದವರೂ ಇವರೇ. ಅದು ನಮ್ಮ ಈ ಠಾಣೆ!

ಬಿರೂನಿಯವರ ಕೆಲಸವನ್ನು ಮುಂದುವರಿಸಿದವರು ಮರ್ವ್ ನಗರದ ಅಲ್-ಖಾಝಿನಿ. ಗುಲಾಮರಾಗಿ ಬೆಳೆದು ವಿದ್ವಾಂಸರಾದವರು. 1121ರ ಸುಮಾರಿಗೆ ಬರೆದ ‘ಮೀಝಾನುಲ್ ಹಿಕ್ಮಾ’, ಅಂದರೆ ವಿವೇಕದ ತಕ್ಕಡಿ, ಎಂಬ ಗ್ರಂಥದಲ್ಲಿ ಚಿನ್ನದ ಕಲಬೆರಕೆ ಹಿಡಿಯುವ ವಿಧಾನವಿದೆ, ದ್ರವ ಅಳೆಯುವ ಕೊಳವೆಯ ವಿವರವೂ ಇದೆ. ಆದರೆ ಆ ಕೊಳವೆ ತನ್ನದೆಂದು ಅವರು ಹೇಳಿಕೊಳ್ಳಲಿಲ್ಲ. ಗ್ರೀಕ್ ವಿದ್ವಾಂಸ ಪಾಪಸ್‌ನ ಹೆಸರು ಹೇಳಿಯೇ ವಿವರಿಸಿದರು.

ಇದನ್ನು ನೆನಪಿಡಿ. ‘ಎಲ್ಲವನ್ನೂ ನಾವೇ ಕಂಡುಹಿಡಿದೆವು’ ಅನ್ನುವುದು ಎಷ್ಟು ಸುಳ್ಳೋ, ‘ನಿಮ್ಮದೇನೂ ಇಲ್ಲ’ ಅನ್ನುವುದೂ ಅಷ್ಟೇ ಸುಳ್ಳು. ಅವರವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದೂ ಒಂದು ತೂಕವೇ ಅಲ್ವಾ?

ವಿದ್ಯಾರ್ಥಿಗಳೇ, ಲ್ಯಾಬಿನಲ್ಲಿ ಹೈಡ್ರೋಮೀಟರ್ ಕೈಗೆ ಬಂದರೆ ಅವಸರ ಬೇಡ. ಕೊಳವೆ ಜಾಡಿಯ ಗೋಡೆಗೆ ತಾಗದಿರಲಿ, ಗುಳ್ಳೆ ಅಂಟದಿರಲಿ. ಅಲುಗಾಟ ನಿಂತ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೇ ಇಳಿಸಿ ಗೆರೆ ಓದಿ. ಉಷ್ಣಾಂಶವನ್ನೂ ಬರೆದುಕೊಳ್ಳಿ. ಕಾದ ದ್ರವ ತನ್ನ ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ಬಿರೂನಿ ಸಾವಿರ ವರ್ಷದ ಹಿಂದೆ ಗಮನಿಸಿದ್ದು ಇದನ್ನೇ.